ಚೌಕಟ್ಟಿನೊಳಗಿನ ಅಂಚು

ಫರಾಜನ ಗಾಜಿನ ಕೆಲಸದಲ್ಲಿ ತಪ್ಪು ಹುಡುಕುವವರು ಹುಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಅವನ ತಂದೆ ಗುಲಾಬಸಾಬರು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಬೀದಾ ಹುಟ್ಟಿದ್ದು ಧಾರವಾಡದ ಕೆಲಗೇರಿಯಲ್ಲಿ. ಅವಳಿಗೆ ಹತ್ತು ನಿಮಿಷ ಸಾಕಾಯಿತು.

ಸುಳ್ಳ ಎಂಬ ಊರಿನ ದಾರಿಯಲ್ಲಿ ಒಂದು ಶಾಲೆ, ಅದರ ಹಿಂದೆ ಕಲ್ಲಿನ ಕ್ವಾರಿ. ಅಲ್ಲಿ ಮದ್ದು ಸಿಡಿಸಿದಾಗಲೆಲ್ಲ ಶಾಲೆಯ ಕಿಟಕಿಗಳು ನಡುಗುತ್ತಿದ್ದವು. ಹೋದ ತಿಂಗಳು ಒಂದು ಗಾಜು ಒಡೆದು ಚೂರುಗಳು ಮೊದಲ ಬೆಂಚಿನವರೆಗೂ ಹಾರಿದ್ದವು; ಪುಣ್ಯಕ್ಕೆ ಮಕ್ಕಳು ಮೈದಾನದಲ್ಲಿದ್ದರು. ಸ್ಫೋಟದಿಂದ ಕಟ್ಟಡಗಳನ್ನೂ ಒಳಗಿನವರನ್ನೂ ಕಾಪಾಡುವ ವಿದ್ಯೆ ಕಲಿತ ಎಂಜಿನಿಯರ್ ಅಬೀದಾಳನ್ನು ಶಾಲೆಯವರು ಕರೆಸಿದರು. ಗಾಜಿಗೆ ದಪ್ಪನೆಯ ತಿಳಿ ಫಿಲ್ಮ್ ಅಂಟಿಸಿದರೆ ಒಡೆದರೂ ಚೂರು ಹಾರುವುದಿಲ್ಲ ಎಂದಳು ಅವಳು. ಅಂಟಿಸಲು ಫರಾಜ ಬಂದ.

ಮೊದಲ ಕಿಟಕಿಯ ಫಿಲ್ಮನ್ನು ಅವನು ಚೌಕಟ್ಟಿನಿಂದ ಕೂದಲೆಳೆಯಷ್ಟು ಬಿಟ್ಟು ಕತ್ತರಿಸಿದ್ದ. ಬಟ್ಟೆ ಅಂಗಡಿಗಳ ಗಾಜಿಗೆಲ್ಲ ಹಾಗೆಯೇ ಮಾಡುತ್ತಿದ್ದ. ಅಂಚು ಎಲ್ಲಿದೆ ಎಂದು ಗೊತ್ತೇ ಆಗಬಾರದು, ಅದೇ ಅವನ ಹೆಮ್ಮೆ.

ಅಬೀದಾ ಆ ಅಂಚನ್ನು ಉಗುರಿನಿಂದ ಸವರಿದಳು. “ಫಿಲ್ಮು ಚೌಕಟ್ಟಿನ ಒಳಗ ಹೋಗಬೇಕ್ರಿ. ಮ್ಯಾಲೆ ಪಟ್ಟಿ ಇಟ್ಟು ಸ್ಕ್ರೂ ಹೊಡೀಬೇಕು.”

“ಪಟ್ಟಿ ಹೊಡದ್ರ ಛಲೋ ಕಾಣೂದಿಲ್ರಿ ಮೇಡಂ.”

“ಛಲೋ ಕಾಣಲಿ ಅಂತ ನಿಮ್ಮನ್ನ ಕರಸಿಲ್ರಿ.”

ಹೇಳುವಾಗ ಅವಳ ತುಟಿಯ ಎಡ ಮೂಲೆ ಮಾತ್ರ ನಕ್ಕಿತು. ಫರಾಜ ಅದನ್ನೇ ನೋಡುತ್ತ ಹಟ ಹಿಡಿದ. ಒಪ್ಪಿಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತಲ್ಲ. “ಹಂಗಾರ ಪರೀಕ್ಷಾ ಮಾಡೂಣ್ರಿ,” ಎಂದ.

ಸೋಮವಾರ ಕ್ವಾರಿಯ ಬಳಿ ಅವನ ಕಿಟಕಿಯನ್ನು ಚೌಕಟ್ಟಿನ ಸಮೇತ ಭದ್ರವಾಗಿ ನಿಲ್ಲಿಸಿದರು. ಹಿಂದೊಂದು ಕುರ್ಚಿ, ಕುರ್ಚಿಯಲ್ಲಿ ಬಟ್ಟೆ ಅಂಗಡಿಯಿಂದ ಕೇಳಿ ತಂದ ಗೊಂಬೆ. ಗೊಂಬೆಗೆ ಅಬೀದಾ ತನ್ನ ಹಳೆಯ ಹಳದಿ ಓಢಣಿ ಹೊದಿಸಿದಳು. ಎಲ್ಲರೂ ದೂರದ ಗೋಡೆಯ ಮರೆಗೆ ಸರಿದರು. ಮದ್ದು ಸಿಡಿಯಿತು.

ಒಂದು ಚೂರೂ ಹಾರಿರಲಿಲ್ಲ. ಆದರೆ ಇಡೀ ಗಾಜು ಚೌಕಟ್ಟಿನಿಂದ ಕಳಚಿ ಗೊಂಬೆಯ ಮೇಲೆ ಬಿದ್ದಿತ್ತು. ಅದರ ಕೆಳಗೆ ಹಳದಿ ಓಢಣಿ ಇಣುಕುತ್ತಿತ್ತು. ಕುತ್ತಿಗೆ ಮುರಿದದ್ದು ಗೊಂಬೆಯದೇ ಎಂದು ಗೊತ್ತಿದ್ದರೂ ಫರಾಜ ಅಬೀದಾಳತ್ತ ತಿರುಗಿ ನೋಡಿದ, ಇದ್ದಾಳೆಂದು ಖಾತ್ರಿ ಮಾಡಿಕೊಳ್ಳಲು.

ಶಾಲೆಯ ಚೇರಮನ್ ಮಹಾಂತಯ್ಯನವರು ತಲೆ ಅಲ್ಲಾಡಿಸಿದರು. “ಎಲ್ಲಾ ಕಿಡಕಿ ಮುಚ್ಚಿ ಇಟ್ಟಂಗಿ ಗ್ವಾಡಿ ಕಟ್ಟಿಸಿ ಬಿಡ್ತೇನ್ವಾ. ನೀ ನಿನ್ನ ಸಾಮಾನು ಕಟ್ಟಿಕೊ.”

“ಹುಡುಗ್ರು ಕತ್ತಲ್ಯಾಗ ಕೂಡಬೇಕಾಗತೈತ್ರಿ. ಗುರುವಾರ ಇನ್ನೊಂದ ಸಲ ನೋಡೂಣ್ರಿ,” ಎಂದಳು ಅಬೀದಾ. ತಪ್ಪು ಫರಾಜನದೆಂದು ಮಾತ್ರ ಹೇಳಲಿಲ್ಲ. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಗುರುವಾರವೂ ಸೋತರೆ ಅವಳು ಹೋಗುತ್ತಾಳೆ. ಇನ್ನು ಯಾವ ನೆಪದಲ್ಲಿ ಅವಳನ್ನು ನೋಡುವುದು?

ಮೂರು ದಿನ ಅವನು ಅಂಗಡಿಯ ಕಡೆ ತಲೆ ಹಾಕಲಿಲ್ಲ. ಫಿಲ್ಮಿನ ಅಂಚನ್ನು ಚೌಕಟ್ಟಿನೊಳಗೆ ತಳ್ಳಿದ, ಪಟ್ಟಿ ಇಟ್ಟ, ನಾಲ್ಕು ಬೆರಳಿಗೊಂದು ಸ್ಕ್ರೂ ಹೊಡೆದ.

ಗುರುವಾರ ಅಬೀದಾ ಮತ್ತೆ ಓಢಣಿ ತೆಗೆದಾಗ ಅವನು ಅಡ್ಡ ಬಂದ. ಈದ್‌ಗೆ ಹೊಲಿಸಿದ ತನ್ನ ಬಿಳಿ ಅಂಗಿಯನ್ನು ಚೀಲದಿಂದ ತೆಗೆದು ಕುರ್ಚಿಯ ಬೆನ್ನಿಗೆ ತೊಡಿಸಿದ.

“ಇದ್ಯಾಕ್ರಿ?”

“ನಿಮ್ಮ ಓಢಣಿ ಗಾಜಿನ ಬುಡಕ ನೋಡಿ ಮೂರು ದಿನ ಊಟ ಸೇರಿಲ್ರಿ. ಅವತ್ತ ನೀವು ಹೇಳಿದ್ದು ಖರೇ ಅಂತ ಗೊತ್ತಿತ್ತು. ನಿಮ್ಮ ಜೋಡಿ ಇನ್ನೂ ಸ್ವಲ್ಪ ಮಾತಾಡಬೇಕಂತ ಹಟ ಮಾಡಿದೆ.”

ಅಬೀದಾ ಕಿವಿಯವರೆಗೂ ಕೆಂಪಾದಳು. “ಅಂಗಿ ಹರದ್ರ?”

“ಹರೀಲಿ ಬಿಡ್ರಿ.”

ಮದ್ದು ಸಿಡಿಯಿತು. ಧೂಳು ಇಳಿದ ಮೇಲೆ ಎಲ್ಲರೂ ಗೋಡೆಯ ಮರೆಯಿಂದ ಹೊರಬಂದರು. ಗಾಜಿನ ತುಂಬ ಬಿರುಕು ಬಿಟ್ಟಿತ್ತು, ಆದರೆ ಚೌಕಟ್ಟು ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಹಿಂದೆ ಅಂಗಿ ಮಡಿಕೆ ಕೆಡದೆ ಕುಳಿತಿತ್ತು. ಮಹಾಂತಯ್ಯನವರು ಕುರ್ಚಿಯನ್ನು ಒಂದು ಸುತ್ತು ಹಾಕಿ, “ಇಟ್ಟಂಗಿ ಬ್ಯಾಡ ತಗೀರಿ,” ಎಂದು ಹೊರಟುಹೋದರು.

ಅಬೀದಾ ಅಂಗಿಯನ್ನು ನೀಟಾಗಿ ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

“ಅದು ನನ್ನ ಅಂಗಿರಿ.”

“ಗೊತ್ತೈತ್ರಿ. ಕೆಲಗೇರಿ ಕೆರಿ ದಂಡಿಮ್ಯಾಲೆ ನಮ್ಮ ಮನಿ. ರವಿವಾರ ಬಂದು ತಗೊಂಡು ಹೋಗ್ರಿ.”

“ಒಬ್ಬನ ಬರಲ್ಯಾ?”

ತುಟಿಯ ಎಡ ಮೂಲೆ ನಕ್ಕಿತು. ಈ ಸಲ ಬಲ ಮೂಲೆಯೂ. “ನಿಮ್ಮ ಅಬ್ಬಾನ್ನೂ ಅಮ್ಮೀನ್ನೂ ಕರಕೊಂಡು ಬರ್ರಿ. ಒಂದ ಅಂಗಿ ಒಯ್ಯಾಕ ಇಷ್ಟು ಮಂದಿ ಯಾಕ ಬಂದಾರಂತ ನಮ್ಮನ್ಯಾಗ ಕೇಳಿದ್ರ, ನಾ ಹೇಳತೇನಿ.”

ಫರಾಜ ಈ ಸಲ ಹಟ ಮಾಡಲಿಲ್ಲ.