ಅಕ್ಕನ ಮೇಲಿನ ನಾಲ್ಕು ಸಾಲು

"ಅದನ್ನ ಅಲ್ಲೇ ಹೊಸ್ತಿಲ ಮ್ಯಾಲ ಇಟ್ಟು ಹೋಗು. ಒಳಗ ಬರಬ್ಯಾಡ!"

ಹೊಲಿಗೆ ಯಂತ್ರದಿಂದ ತಲೆಯೆತ್ತದೆಯೇ ರಾಜೇಶ್ವರಿ ಹೇಳಿದಳು. ಕಾರ್ಯಕ್ರಮದ ಪಾಸು ಹಿಡಿದು ಬಾಗಿಲಲ್ಲಿ ನಿಂತಿದ್ದ ಬಸುವಿನ ಮುಖ ಸಪ್ಪಗಾಯಿತು. ಊರಿಗೆಲ್ಲ ಬೇಕಾದ ಹಾಡುಗಾರ! ಇಂದಿರಾನಗರದಲ್ಲಿ ಫ್ಲ್ಯಾಟು, ಬೀದಿಗಿಳಿದರೆ ಸೆಲ್ಫಿಗೆ ಮುತ್ತುವ ಹುಡುಗರು... ಆದರೆ ಹೊಸ ತಿಪ್ಪಸಂದ್ರದ ಈ ಬಾಡಿಗೆ ಕೋಣೆಗೆ ಮಾತ್ರ ಅವನು ಬೇಡವಾಗಿದ್ದ. ತಾಯಿ ತೀರಿಕೊಂಡ ಮೇಲೆ ಯಾದಗಿರಿಯಿಂದ ಕರೆತಂದು, ಊರವರ ರವಿಕೆ ಹೊಲಿದು ಅವನನ್ನು ಸಾಕಿದ ಅಕ್ಕ ಎರಡು ವರ್ಷದಿಂದ ಅವನ ಮುಖ ನೋಡಿರಲಿಲ್ಲ.

ನೋಡುವುದಾದರೂ ಹೇಗೆ? ಮಾಡಿದ್ದೇನು ಸಣ್ಣ ತಪ್ಪೇ! ಆಗ ಬಸು ಹಲಸೂರಿನ ಒಂದು ಹಾಲ್‌ನಲ್ಲಿ ರ‍್ಯಾಪ್ ಜಿದ್ದಿಗೆ ಇಳಿಯುತ್ತಿದ್ದ. ಇಬ್ಬರು ಎದುರೆದುರು ನಿಂತು, ಪ್ರಾಸ ಕಟ್ಟಿ, ಒಬ್ಬರ ಮನೆಯವರನ್ನು ಇನ್ನೊಬ್ಬರು ಬೀದಿಗೆಳೆಯುವ ಆಟವದು. ಮುಗಿದ ಮೇಲೆ ಇಬ್ಬರೂ ತಬ್ಬಿಕೊಳ್ಳಬೇಕು, ಆಡಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಫೈನಲ್‌ನ ದಿನ ಎದುರಾಳಿ ಕಿರಣಕುಮಾರನ ಬಗ್ಗೆ ಗೆಳೆಯ ಮುಬೀನ್ ಕಿವಿಯಲ್ಲಿ ಊದಿದ್ದ: "ಮಗಾ, ಆ ಕಿರಣಕುಮಾರ ನಿಮ್ಮನೆ ವಿಷ್ಯ ಕೆದಕ್ತಿದಾನಂತೆ. ನಿಮ್ಮಕ್ಕನ್ ವಿಷ್ಯ ನೀನೇ ಮೊದ್ಲು ಹೇಳ್ಬಿಡು ಗುರು. ಆಮೇಲೆ ಅವ್ನ ಹತ್ರ ಏನೂ ಉಳಿಯಲ್ಲ."

ಗಂಡ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದಾನೆಂದು ರಾಜೇಶ್ವರಿ ವಠಾರಕ್ಕೆಲ್ಲ ಹೇಳಿಕೊಂಡಿದ್ದಳು. ಅವನು ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡದ್ದು ತಮ್ಮನಿಗಷ್ಟೇ ಗೊತ್ತಿತ್ತು, ತಮ್ಮನಿಂದ ಮುಬೀನನಿಗೆ. ಗೆಲ್ಲುವ ಹುಚ್ಚಿನಲ್ಲಿ ಬಸು ಕೂಗಿಯೇಬಿಟ್ಟ:

"ಸೊಲ್ಲಾಪುರದ್ ಭಾವ ಹಬ್ಬಕ್ಕೂ ಬರಲ್ಲ,
ಅಲ್ಲಿ ಸಂಸಾರ ಬೇರೆ, ಅಕ್ಕ ಬಾಯ್ಬಿಡಲ್ಲ..."

ಅದರ ಹಿಂದೆ ಇನ್ನೆರಡು ಸಾಲು. ಹಾಲ್ ಕುಣಿದುಹೋಯಿತು. ಸೋತ ಕಿರಣಕುಮಾರ ಬಂದು ತಬ್ಬಿಕೊಂಡು, "ಗುರು, ಇದು ನಿಜಾನಾ? ನಂಗೊತ್ತೇ ಇರ್ಲಿಲ್ಲ" ಎಂದಾಗ ಬಸುವಿಗೆ ಎಲ್ಲ ತಿಳಿಯಿತು. ಅಯ್ಯೋ, ಯಾರೂ ಹಿಡಿಯದ ಕತ್ತಿಗೆ ತಾನೇ ಅಕ್ಕನ ಕೊರಳು ಕೊಟ್ಟಿದ್ದ! ವಾರದೊಳಗೆ ಆ ವಿಡಿಯೋ ಎಲ್ಲರ ಮೊಬೈಲಿನಲ್ಲಿತ್ತು. ಸಂಗೀತ ಕಂಪನಿಯವರು ಅದನ್ನೇ ಹಾಡು ಮಾಡಿದರು, ಬಸು ಸಹಿ ಹಾಕಿದ. ನೀರು ಹಿಡಿಯಲು ಹೋದ ರಾಜೇಶ್ವರಿಯ ಮುಂದೆಯೇ ಹೆಂಗಸರು ಅದನ್ನು ಗುನುಗಿದರು.

"ಅಕ್ಕಾ, ಆ ಸಾಲು ಇನ್ನ ಯಾವತ್ತೂ ಹಾಡಂಗಿಲ್ಲ" ಎಂದ ಬಸು. "ಕಂಪನಿಗೆ ಹೇಳೀನಿ. ಬೇಕಾದ್ರ ನನ್ನ ಕೈ ಬಿಡ್ಲಿ. ನೀ ಬಂದು ನಿನ್ನ ಕಿವೀಲೇ ಕೇಳು... ಆಮ್ಯಾಲರ ನನ್ನ ಮನಿಗೆ ಬಂದಿರು, ಅಕ್ಕಾ!"

ರಾಜೇಶ್ವರಿಯ ಯಂತ್ರ ಓಡುತ್ತಲೇ ಇತ್ತು.

ಆದರೂ ಸಂಜೆ ಅವಳು ಕೆ.ಆರ್. ಪುರದ ಮೈದಾನಕ್ಕೆ ಬಂದಳು. ಮೊದಲ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದವಳನ್ನು ಕಂಡು ಬಸುವಿಗೆ ಎದೆ ತುಂಬಿ ಬಂತು. ಹಾಡು ಆ ಜಾಗಕ್ಕೆ ಬಂದಾಗ ಅವನು ಮೈಕು ಕೆಳಗಿಳಿಸಿ ತುಟಿ ಬಿಗಿಹಿಡಿದ. ಮರುಕ್ಷಣ ಸಾವಿರಾರು ಗಂಟಲು ಒಟ್ಟಿಗೆ ಎದ್ದವು... "ಸೊಲ್ಲಾಪುರದ್ ಭಾವ ಹಬ್ಬಕ್ಕೂ ಬರಲ್ಲ!" ಅವನು ಆ ಸಾಲು ಬಿಟ್ಟುಕೊಟ್ಟದ್ದು ತಾವು ಹಾಡಲೆಂದೇ ಎಂದುಕೊಂಡು ಜನ ನಾಲ್ಕೂ ಸಾಲನ್ನು ಕುಣಿಕುಣಿದು ಹಾಡಿದರು. ಬಸು ಬೇಡ ಬೇಡವೆಂದು ಕೈಯಾಡಿಸಿದರೆ ಅವರೂ ಹಾಗೆಯೇ ಕೈಯಾಡಿಸಿದರು.

ಮುಗಿದ ಮೇಲೆ ವೇದಿಕೆಯ ಹಿಂದೆ ರಾಜೇಶ್ವರಿ ನಿಂತಿದ್ದಳು. ಬಸು ಓಡಿಹೋಗಿ ಕಾಲು ಹಿಡಿದ.

"ಏಳೋ. ನೀ ಬಾಯಿ ಮುಚ್ಚಿದ್ದು ನೋಡೀನಿ" ಎಂದು ಎರಡು ವರ್ಷದ ಮೇಲೆ ಅವನ ತಲೆ ನೇವರಿಸಿದಳು. "ಆದ್ರ ಅದೀಗ ನಿನ್ನ ಬಾಯಾಗಿಲ್ಲೋ ತಮ್ಮಾ. ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಿನ್ನ ಮನ್ಯಾಗ, ನಿನ್ನ ಹೆಸರಿನ ಜೊತಿ, ನನಗ ಇರಲಿಕ್ಕ ಆಗಂಗಿಲ್ಲ..."

ಹೊರಗೆ ಜನ ಅವನ ಹೆಸರು ಕೂಗುತ್ತಿದ್ದರು. ರಾಜೇಶ್ವರಿ ಆ ಗುಂಪಿನ ನಡುವೆಯೇ ಬಸ್‌ಸ್ಟಾಪಿನ ಕಡೆ ನಡೆದಳು. ಹಾಡಿನಲ್ಲಿರುವ ಅಕ್ಕ ಅವಳೇ ಎಂದು ಯಾರಿಗೂ ತಿಳಿಯಲಿಲ್ಲ, ಬಸು ಹಿಂದೆ ಹೋಗಲಿಲ್ಲ.