ಮುಂದಿನ ಆಕ್ಸಲಿನ ಹಳೆಯ ಹಲ್ಲು

ನವೆಂಬರ್ ಹದಿನಾಲ್ಕರ ಬೆಳಿಗ್ಗೆ ವೇಡ್ ಹಾಲ್ವರ್ಸನ್ ಎಂಬ ದನ ಸಾಕುವವನು ಮೊಂಟಾನಾದ ಆ ಸಣ್ಣ ಊರಿನ ಷರೀಫ್ ಠಾಣೆಗೆ ಬಂದು, ಟೋಪಿ ಕೈಯಲ್ಲಿ ಹಿಡಿದೇ ನಿಂತ. ಮೂರು ದಿನದ ಹಿಂದೆ, ಆ ವರ್ಷದ ಮೊದಲ ಹಿಮದಲ್ಲಿ, ಅವನ ಹೆಂಡತಿ ಕೊರಿನ್ ಮ್ಯಾಗ್ಪೈ ಘಟ್ಟದಿಂದ ಪಿಕಪ್ ಸಮೇತ ಕಂದಕಕ್ಕೆ ಉರುಳಿ ಸತ್ತಿದ್ದಳು. ಅಪಘಾತವೆಂದು ಬರೆದು ಕಡತ ಮುಚ್ಚುವುದರಲ್ಲಿದ್ದರು.

“ಮುಚ್ಚಬೇಡಿ ಮೇಡಂ. ಹಿಮದಲ್ಲೇ ಗಾಡಿ ಕಲಿತವಳು ಅವಳು. ಗಾಡಿಗೇ ಏನೋ ಆಗಿತ್ತು.”

ಡಿಟೆಕ್ಟಿವ್ ನಾರ್ಮಾ ಟ್ವೈಟ್ ದೂರು ಬರೆದುಕೊಂಡಳು. “ಇತ್ತೀಚೆಗೆ ಗಾಡಿಗೆ ಏನಾದ್ರೂ ಮಾಡಿಸಿದ್ರಾ?”

“ಬೇಸಿಗೇಲಿ ದೊಡ್ಡ ಟಯರ್ ಹಾಕಿಸ್ದೆ. ಆಮೇಲೆ ಎಳೆತವೇ ಹೋಯ್ತು. ಕುದುರೆ ಟ್ರೇಲರ್ ಕಟ್ಟಿದ್ರೆ ಏರಲ್ಲಿ ಮುಕ್ಕರಿಯೋದು. ಆಗಸ್ಟಲ್ಲಿ ಆರ್ಲೋ ಪಿಂಚಟ್ ತನ್ನ ಗ್ಯಾರೇಜಲ್ಲಿ ಗೇರ್ ಬದಲಾಯಿಸಿಕೊಟ್ಟ. ಮತ್ತೆ ಚೆನ್ನಾಗಿ ಎಳೀತಿತ್ತು.”

“ಆರ್ಲೋ ಏನಾದ್ರೂ ಹೇಳಿದ್ನಾ?”

“ಹಿಮ ಬೀಳೋವರೆಗೂ ನಾಲ್ಕೂ ಚಕ್ರಕ್ಕೆ ಬಲ ಕೊಡೋ ಗುಂಡಿ ಮುಟ್ಬೇಡ ಅಂದ. ಅದು ಎಲ್ರೂ ಹೇಳೋ ಮಾತೇ.”

ಆ ಸೀಮೆಯಲ್ಲಿ ಗಂಡಸಿನ ಮೀಸೆ ಇರುವುದು ಟಯರಿನಲ್ಲಿ. ಟಯರ್ ಬೆಳೆದಷ್ಟೂ ಎಂಜಿನ್ ಬಡವಾಗುತ್ತದೆ ಎಂಬುದು ಮಾತ್ರ ಮೊದಲ ಏರು ಹತ್ತುವವರೆಗೆ ಯಾರಿಗೂ ತಿಳಿಯುವುದಿಲ್ಲ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ. ಅಷ್ಟೇ ಹೆಚ್ಚು ಬಲವನ್ನೂ ಕೇಳುತ್ತದೆ. ಅದಕ್ಕೆ ಮದ್ದೆಂದರೆ ಆಕ್ಸಲ್ ಒಳಗೆ ಎಂಜಿನ್ನಿನ ಸುತ್ತನ್ನು ಚಕ್ರಕ್ಕೆ ದಾಟಿಸುವ ಕ್ರೌನ್ ಪಿನಿಯನ್ ಹಲ್ಲುಗಳನ್ನು ಬದಲಾಯಿಸುವುದು. ಹಿಂದಿನದನ್ನೂ ಮುಂದಿನದನ್ನೂ, ಒಂದೇ ಅಳತೆಗೆ.

ಮಧ್ಯಾಹ್ನ ಜಪ್ತಿ ವಾಹನಗಳ ಅಂಗಳದಲ್ಲಿ ಮಹಜರು ನಡೆಯಿತು. ನಜ್ಜುಗುಜ್ಜಾದ ಪಿಕಪ್ಪನ್ನು ಎತ್ತಿ ನಿಲ್ಲಿಸಿ, ಡೆಪ್ಯುಟಿ ಕ್ಲೇಟನ್ ಆಕ್ಸಲಿಗೆ ಬಲ ತರುವ ಶಾಫ್ಟುಗಳಿಗೆ ಸೀಮೆಸುಣ್ಣದ ಗುರುತು ಹಾಕಿದ.

“ಹಿಂದೆ ಚಕ್ರ ಒಂದು ಸುತ್ತಿದ್ರೆ ಶಾಫ್ಟು ಹತ್ತಿರ ಹತ್ತಿರ ಐದು ಸುತ್ತು.”

“ಮುಂದೆ?”

ಕ್ಲೇಟನ್ ಎರಡು ಸಲ ತಿರುಗಿಸಿ ನೋಡಿದ. “ಮೂರೂವರೆ, ಮೇಡಂ.”

ಗುಂಡಿ ತಿರುಗಿಸಿ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟ ಗಳಿಗೆಯಲ್ಲಿ ಮುಂದಿನವು ಓಡಲು ನೋಡುತ್ತವೆ, ಹಿಂದಿನವು ತಡೆಯುತ್ತವೆ. ಹಿಮದ ಮೇಲೆ ಟಯರ್ ಹಿಡಿತ ಬಿಟ್ಟರೆ ಸ್ಟಿಯರಿಂಗ್ ಇದ್ದೂ ಇಲ್ಲದ ಹಾಗೆ.

“ಮುಂದಿನದನ್ನ ಮರೆತಿರಬಹುದಲ್ಲ?” ಎಂದ ಕ್ಲೇಟನ್.

“ಆಕ್ಸಲ್ ಮುಚ್ಚಳ ನೋಡು ಮಾರಾಯ. ಮರೆತವನು ಬಿಚ್ಚಿ ಹೊಸ ಅಂಟು ಹಚ್ತಾನಾ?”

ಮುಚ್ಚಳ ತೆಗೆಸಿದರು. ಒಳಗೆ ಇದ್ದದ್ದು ಗಾಡಿಯ ಜತೆಗೇ ಬಂದ ಹಳೆಯ ಹಲ್ಲು. ಎರಡೂ ಆಕ್ಸಲಿನ ಕೆಲಸ ಆದಂತೆ ಕಾಣಲೆಂದೇ ಯಾರೋ ಅದನ್ನು ತೆರೆದು ಮುಚ್ಚಿದ್ದರು. ಆಗಸ್ಟಿನ ಬಿಸಿಲಲ್ಲಿ ಇಟ್ಟ ಸಾವು ಹಿಮ ಬೀಳಲಿ ಎಂದು ಕಾಯುತ್ತ, ಅಷ್ಟು ದಿನವೂ ಊರಿನ ಅಂಗಡಿ, ಶಾಲೆಗಳ ಮುಂದೆ ಓಡಾಡಿಕೊಂಡಿತ್ತು.

ನಾಲ್ಕು ಗಂಟೆಗೆ ಅವರು ಗ್ಯಾರೇಜಿಗೆ ಹೋದಾಗ ಆರ್ಲೋ ಬಾಗಿಲು ತೆರೆದಿಟ್ಟು ಕಾಫಿ ಕುಡಿಯುತ್ತಿದ್ದ. ಎದ್ದೇಳಲಿಲ್ಲ.

“ಮುಂದಿನ ಆಕ್ಸಲ್ ಬಿಚ್ಚಿದ್ಯಾ ಆರ್ಲೋ?”

“ಬಿಚ್ಚಿದ್ದೆ.”

“ಹಲ್ಲು ಬದಲಾಯಿಸಿದ್ಯಾ?”

“ಇಲ್ಲ.”

“ಯಾಕೆ?”

“ಟೆಸ್ಸಾ ಅಂತ ಮಗಳಿದ್ಲು ನಂಗೆ, ಸ್ವಂತ ಮಗಳಲ್ಲ, ನಾನು ಸಾಕಿದವಳು. ಆರು ವರ್ಷದ ಹಿಂದೆ, ಹಿಮ ಬೀಳ್ತಿದ್ದ ದಿನ, ರಸ್ತೆ ದಾಟ್ತಿದ್ದ ನನ್ನ ಕೂಸಿಗೆ ಆ ವೇಡ್ ಗಾಡಿ ಗುದ್ದಿತು, ಅಲ್ಲೇ ಸತ್ಲು. ತಪ್ಪು ಹಿಮದ್ದು ಅಂತ ಕೋರ್ಟು ಬಿಟ್ಟುಬಿಡ್ತು. ಆಗ ನಾವಿದ್ದದ್ದು ಬೇರೆ ಊರು, ನಾನು ಕೋರ್ಟಿಗೂ ಹೋಗಿರ್ಲಿಲ್ಲ, ಅವನಿಗೆ ನನ್ನ ಗುರುತಿಲ್ಲ. ಇಲ್ಲಿ ಬಂದು ‘ಎಳೆತ ಇಲ್ಲ ಗುರುವೇ’ ಅಂತ ನಕ್ಕ. ನಕ್ಕ ಮೇಡಂ! ಹಿಮಾನೇ ಅವನನ್ನ ನೋಡ್ಕೊಳ್ಲಿ ಅಂದ್ಕೊಂಡೆ.” ಅವನ ದನಿ ಇಳಿಯಿತು. “ಅವನ ಗಾಡೀಲಿ ಆಯಮ್ಮ ಯಾಕಿದ್ರು?”

ವೇಡ್ ಬೆಳಿಗ್ಗೆ ಅಳುತ್ತ ಹೇಳಿದ್ದನ್ನು ನಾರ್ಮಾ ಹೇಳಿದಳು. “ಆರು ವರ್ಷದಿಂದ ಹಿಮ ಬಿದ್ರೆ ವೇಡ್ ಸ್ಟಿಯರಿಂಗ್ ಮುಟ್ಟಲ್ಲ. ಕೈ ನಡುಗುತ್ತಂತೆ. ಅಂಥ ದಿನ ಓಡಿಸ್ತಿದ್ದದ್ದು ಅವನ ಹೆಂಡ್ತೀನೇ.”

ಆರ್ಲೋ ಕಾಫಿ ಲೋಟ ಕೆಳಗಿಟ್ಟು ಎದ್ದ. ಕ್ಲೇಟನ್ ಬೇಡಿ ಹಾಕಿದ. ವರದಿಯಲ್ಲಿ ಕಾರಣವೆಂಬಲ್ಲಿ ನಾರ್ಮಾ ‘ಸಾಕು ಮಗಳ ಸಾವು’ ಎಂದಷ್ಟೇ ಬರೆದಳು.

ಠಾಣೆ ತಲುಪುವವರೆಗೂ ಅವನು ಹಿಂದಿನ ಸೀಟಿನಿಂದ ಒಂದೇ ಮಾತು ಕೇಳುತ್ತಿದ್ದ.

“ನಡುಗ್ತಿತ್ತಾ? ಅವನ ಕೈ, ನಿಜವಾಗ್ಲೂ ನಡುಗ್ತಿತ್ತಾ?”