ಮೂವರಲ್ಲಿ ಫಸ್ಟು

"ನಮ್ಮ ಸ್ಕೂಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೆಂಚು ಆಂಟಿ! ಕಾಲು ಚಾಚ್ಕೊಂಡು ಪಾಠ ಕೇಳಬಹುದು!"

ಹೊಲಿಗೆ ಮೆಷಿನ್ ನಿಂತಿತು. ಟೈಲರ್ ಆಂಟಿ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ತೆಗೆದು ಕೇಳಿದರು, "ಅದಿರ್ಲಿ, ರಿಸಲ್ಟ್ ಹೇಗಿದೆ?"

"ಸೂಪರ್! ಕ್ಲಾಸಿಗೆ ನಾನೇ ಫಸ್ಟು."

"ಎಷ್ಟು ಜನಕ್ಕೆ?"

ರೇಡಿಯೋ ತಬ್ಬಿಬ್ಬಾದಳು. ಬೆಳಗಾದರೆ ಬಾಯಿ ಮುಚ್ಚದ ಈ ಏಳನೇ ಕ್ಲಾಸಿನ ಹುಡುಗಿಯನ್ನು ಊರೆಲ್ಲ ರೇಡಿಯೋ ಅಂತಲೇ ಕರೆಯುತ್ತಿತ್ತು.

"ಮೂರು," ಎಂದಳು ಮೆಲ್ಲಗೆ. "ಇನ್ನಿಬ್ಬರು ಅವಳಿ ಹುಡುಗರು. ಒಬ್ಬನದು ನೋಡಿ ಇನ್ನೊಬ್ಬ ಬರೀತಾನೆ. ಯಾರದು ಯಾರು ನೋಡ್ತಾರೆ ಅಂತ ಅವರಿಗೂ ಗೊತ್ತಿಲ್ಲ."

ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. ರೇಡಿಯೋಗೆ ನಗು ಬರಲಿಲ್ಲ. ಏಳನೇ ಕ್ಲಾಸಿಗೆ ಇನ್ನೊಂದು ಮಗುವಾದರೂ ಸೇರದಿದ್ದರೆ ಕ್ಲಾಸೇ ಮುಚ್ಚುತ್ತದೆ ಎಂದು ಸರ್ಕಾರಿ ಶಾಲೆಯ ಹೆಡ್ ಮೇಡಂ ಹೇಳಿದ್ದರು. ಆಮೇಲೆ ದಿನಾ ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗಬೇಕು. ಬಸ್ಸು ಹತ್ತಿದರೆ ರೇಡಿಯೋಗೆ ವಾಂತಿ.

ಬಟ್ಟೆಗಳ ರಾಶಿಯ ಹಿಂದಿನಿಂದ ಒಂದು ದಪ್ಪ ಕನ್ನಡಕ ಇಣುಕಿತು. ಆಂಟಿಯ ಮಗಳು. ಪ್ರೈವೇಟ್ ಶಾಲೆಯಲ್ಲಿ ಅವಳದೂ ಏಳನೇ ಕ್ಲಾಸು.

"ನಿಜವಾಗ್ಲೂ ಕಾಲು ಚಾಚಬಹುದಾ?" ಎಂದು ಕೇಳಿದಳು. "ನಮ್ಮ ಬೆಂಚಲ್ಲಿ ಐದು ಜನ. ತುದೀಲಿ ಕೂತೋರು ದಿನಾ ಬೀಳ್ತಾರೆ. ತುದೀಲಿ ನಾನೇ."

ಆಂಟಿ ಮಗಳ ಮುಖ ನೋಡಿದರು. ಸೋಮವಾರವೇ ಅವಳನ್ನು ರೇಡಿಯೋಳ ಶಾಲೆಗೆ ಸೇರಿಸಿದರು. ಹೆಡ್ ಮೇಡಂ ರೇಡಿಯೋಳ ಬೆನ್ನು ತಟ್ಟಿದರು.

ಆಮೇಲೆ ಟೆಸ್ಟ್ ಬಂತು. ಟೈಲರ್ ಆಂಟಿಯ ಮಗಳು ಫಸ್ಟು. ರೇಡಿಯೋ ಸೆಕೆಂಡು.

"ಬೇಜಾರ್ ಮಾಡ್ಕೋಬೇಡ ಕಣೇ," ಎಂದು ಅವಳಿಗಳಲ್ಲಿ ಒಬ್ಬ ಸಮಾಧಾನ ಹೇಳಿದ. "ನಾವೂ ಥರ್ಡಿಗೆ ಬಿದ್ವಿ. ಅಳ್ತಿದೀವಾ?"

ಇನ್ನೊಬ್ಬನೂ ಅಕ್ಷರ ಬಿಡದೆ ಅದನ್ನೇ ಹೇಳಿದ.

ಸಂಜೆ ರೇಡಿಯೋ ಮುಖ ಊದಿಸಿಕೊಂಡು ಟೈಲರ್ ಅಂಗಡಿಗೆ ಹೊರಟಳು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು: ಫ್ಯಾನ್ ತಿರುಗಲ್ಲ, ಮಳೆ ಬಂದರೆ ಸೋರುತ್ತೆ, ಇವಳನ್ನ ಹಳೇ ಸ್ಕೂಲಿಗೇ ಕಳಿಸಿಬಿಡಿ. ಬಸ್ಸೂ ವಾಂತಿಯೂ ಅವಳಿಗೆ ನೆನಪೇ ಆಗಲಿಲ್ಲ.

"ಆಂಟಿ, ನಮ್ಮ ಸ್ಕೂಲಲ್ಲಿ..."

"ಬಾರೇ ಪುಟ್ಟಿ! ಏನು ಮೋಡಿ ಮಾಡಿದ್ಯೇ? ಮೊದಲು ಇವಳ ಬಾಯಿ ಬಿಡಿಸೋಕೇ ಆಗ್ತಿರ್ಲಿಲ್ಲ. ಈಗ ಮನೆಗೆ ಬಂದ್ರೆ ಬರೀ ನಿನ್ನದೇ ಮಾತು. ನಂಗೆ ತಲೆನೋವು!"

ಮಗಳು ನಾಚಿಕೊಂಡು ಉತ್ತರಪತ್ರಿಕೆ ಮುಂದಿಟ್ಟಳು. "ಕೊನೇ ಲೆಕ್ಕ ಹೇಗೆ ಮಾಡ್ದೆ? ನಿಂದೊಂದೇ ಸರಿ ಇರೋದು."

"ಅಷ್ಟೂ ಗೊತ್ತಾಗಲ್ವಾ? ಇಲ್ಲಿ ಭಾಗಿಸಬೇಕಿತ್ತು."

"ಯಾಕೆ? ಗುಣಿಸಿದ್ರೂ ಬರಬೇಕಲ್ವಾ?"

"ಬರಲ್ಲ!"

"ಬರುತ್ತೆ!"

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಇಬ್ಬರ ಕೈಗೂ ಬಂತು. ನೆಲ ತುಂಬಿತು.

"ಅಯ್ಯೋ, ಗಿರಾಕಿ ಪ್ಯಾಂಟ್ ಮೇಲೆ ಬರೀಬೇಡ್ರೇ!" ಆಂಟಿ ಕೂಗಿದರು. "ಅಂದ ಹಾಗೆ, ನೀನು ಏನೋ ಹೇಳೋಕೆ ಬಂದ್ಯಲ್ಲ?"

ರೇಡಿಯೋ ತಲೆ ಎತ್ತಿದಳು. ಅವಳಿಗಳು ಅವಳು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಲೆಕ್ಕಕ್ಕೋಸ್ಕರ ಅವಳ ಜೊತೆ ಈವರೆಗೆ ಯಾರೂ ಜಗಳವಾಡಿರಲಿಲ್ಲ.

"ಏನಿಲ್ಲ ಆಂಟಿ," ಎಂದಳು. "ನಾಳೆ ಇವಳನ್ನ ಕರ್ಕೊಂಡು ಹೋಗೋಕೆ ನಾನೇ ಬರ್ತೀನಿ. ಸ್ವಲ್ಪ ಬೇಗ ರೆಡಿ ಮಾಡಿಬಿಡಿ."